ಕೋವಿಗೆ ಮುಡಿಸುವ ಹೂ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮದು ನಾಪೋಕ್ಲು ಕಡೆಯ ಕಾಫಿ ತೋಟ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ತೋಕ್ ಪೂ ಬೇಕು ಅಂದರೆ ಮಕ್ಕಳು ಗದ್ದೆ ಕಡೆ ಓಡಿ ಹತ್ತೇ ನಿಮಿಷದಲ್ಲಿ ಕೈತುಂಬ ತರುತ್ತಿದ್ದರು. ಕಳೆದ ವರ್ಷ ಮೂರು ತೋಟ ಸುತ್ತಿದರೂ ಒಂದೂ ಸಿಗಲಿಲ್ಲ. ಕೊನೆಗೆ ಕೋವಿಗೆ ಚೆಂಡುಹೂ ಸಿಕ್ಕಿಸಿದೆವು. ಈ ಹೂ ಅಳಿದುಹೋಗುತ್ತಿದೆಯಾ? ಕಾಡಂಚಿನಿಂದ ಗೆಡ್ಡೆ ಅಗೆದು ತಂದು ಮನೆ ಹತ್ತಿರ ನೆಡಬಹುದಾ? ಅದು ವಿಷ ಅಂತ ಅತ್ತೆ ಹೇಳುತ್ತಾರೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಇನ್ನೊಂದು ವಿಷಯ: ನಮ್ಮ ಹಳೇ ಕಣದ ಹಿಂದಿನ ಬರೆಯಲ್ಲಿ, ಅಂದರೆ ಕಡಿದಾದ ಮಣ್ಣಿನ ಬದಿಯಲ್ಲಿ, ಎಲೆ ತುದಿ ಸುರುಳಿ ಸುತ್ತಿದ ಒಂದು ಸಣ್ಣ ಗಿಡ ಪ್ರತಿ ಮಳೆಗಾಲ ಬರುತ್ತದೆ, ಬೇಸಿಗೆಗೆ ಮಾಯವಾಗುತ್ತದೆ. ಹೂ ಬಿಟ್ಟಿದ್ದು ನೋಡಿಲ್ಲ. ಅದೇನಿರಬಹುದು?

ಉತ್ತರ: ಕೋವಿಗೆ ಚೆಂಡುಹೂ ಅಂತ ಓದಿ ಸ್ವಲ್ಪ ನಗು ಬಂತು, ಆಮೇಲೆ ಬೇಸರವೂ ಆಯಿತು. ಹಬ್ಬ ಹತ್ತಿರ ಬಂದಾಗ ಇದೇ ಪ್ರಶ್ನೆಯನ್ನು ನನಗೆ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ನಿಮ್ಮ ಕಣದ ಹಿಂದಿನ ಗಿಡದ ವಿಷಯ ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಒಂದಿಷ್ಟು ಬೇರೆ ಮಾತು ಬೇಕು.

ಕೊಡಗಿನ ಹೊರಗಿನ ಓದುಗರಿಗೆ ಎರಡು ಸಾಲು. ಕೊಡವ ಭಾಷೆಯಲ್ಲಿ ತೋಕ್ ಅಂದರೆ ಕೋವಿ, ಪೂ ಅಂದರೆ ಹೂ. ಗದ್ದೆ ನಾಟಿ ಮುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ 3ರ ಹೊತ್ತಿಗೆ, ಕೈಲ್ ಪೊಳ್ದ್ ಬರುತ್ತದೆ. ಆಯುಧಗಳ ಹಬ್ಬ ಅದು. ನಾಟಿ ಕೆಲಸದ ದಿನಗಳಲ್ಲಿ ಒಳಗೆ ಇಟ್ಟಿದ್ದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಹೊರಗೆ ತೆಗೆದು ತೊಳೆದು, ಒರೆಸಿ, ಪೂಜೆಗೆ ಇಡುತ್ತಾರೆ. ಕೋವಿಗೆ ಈ ಹೂ ಮುಡಿಸುತ್ತಾರೆ. ಆಮೇಲೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಂದಿಕರಿ (ಹಂದಿ ಮಾಂಸದ ಪಲ್ಯ), ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಇದೇ ಹೂವನ್ನು ಮಲೆನಾಡಿನಲ್ಲಿ ಗೌರಿ ಹೂ ಅನ್ನುತ್ತಾರೆ, ಗೌರಿ ಹಬ್ಬದ ಹೊತ್ತಿಗೆ ಅರಳುವುದರಿಂದ. ಅಗ್ನಿಶಿಖೆ, ಕೋಳಿಕುಟುಮ, ಶಿವಶಕ್ತಿ ಅಂತಲೂ ಹೆಸರಿದೆ. ಆಯುರ್ವೇದದಲ್ಲಿ ಇದು ಲಾಂಗಲಿ, ಅಂದರೆ ನೇಗಿಲಿನದು. ಮಣ್ಣಿನೊಳಗಿನ ಗೆಡ್ಡೆ ನೇಗಿಲಿನ ಹಾಗೆ ಬಾಗಿರುತ್ತದೆ. ಸಸ್ಯಶಾಸ್ತ್ರದ ಹೆಸರು ಗ್ಲೋರಿಯೋಸಾ ಸೂಪರ್ಬಾ.

ಈಗ ಮೊದಲ ಪ್ರಶ್ನೆ: ಅಳಿದುಹೋಗುತ್ತಿದೆಯಾ?

ಪ್ರಪಂಚದ ಲೆಕ್ಕದಲ್ಲಿ ಇಲ್ಲ. ಆಫ್ರಿಕಾದಿಂದ ಹಿಡಿದು ಭಾರತ, ಶ್ರೀಲಂಕಾ ದಾಟಿ ಆಗ್ನೇಯ ಏಷ್ಯಾದವರೆಗೂ ಇದು ಬೆಳೆಯುತ್ತದೆ. ಜಿಂಬಾಬ್ವೆಯ ರಾಷ್ಟ್ರೀಯ ಹೂ ಇದೇ. 1947ರಲ್ಲಿ ಬ್ರಿಟನ್ನಿನ ರಾಜಕುಮಾರಿ ಎಲಿಜಬೆತ್‌ಗೆ ಅಲ್ಲಿಯವರು ಇದೇ ಹೂವಿನ ಆಕಾರದ ವಜ್ರದ ಬ್ರೋಚ್ ಕೊಟ್ಟಿದ್ದರು. ನಮ್ಮ ಪಕ್ಕದ ತಮಿಳುನಾಡಿನ ರಾಜ್ಯ ಪುಷ್ಪವೂ ಇದೇ. ಅವರ ಸಂಗಂ ಕಾಲದ ಪದ್ಯಗಳಲ್ಲಿ ಹುಡುಗಿಯರ ಬೆರಳನ್ನು ಹೋಲಿಸುವ ಕಾಂದಳ್ ಹೂ ಇದು. ಅಷ್ಟೇ ಅಲ್ಲ, ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಮರಳುದಿಬ್ಬಗಳಲ್ಲಿ ಇದು ತೋಟಗಳಿಂದ ತಪ್ಪಿಸಿಕೊಂಡು ಹಬ್ಬಿ ಕಳೆಯಾಗಿದೆ. ಅಲ್ಲಿನವರು ಇದನ್ನು ಕಿತ್ತು ಹಾಕಲು ದುಡ್ಡು ಖರ್ಚು ಮಾಡುತ್ತಾರೆ. ಇಲ್ಲಿ ನೀವು ಒಂದು ಹೂವಿಗಾಗಿ ಮೂರು ತೋಟ ಸುತ್ತುತ್ತೀರಿ.

ಹಾಗಾದರೆ ಇದು ನಾಜೂಕು ಗಿಡ ಅಲ್ಲ ಅಂತಾಯಿತು, ಅಲ್ವಾ? ಹೌದು. ಮರಳಲ್ಲೂ ಬದುಕುವ ಗಟ್ಟಿ ಗಿಡ. ಇಂಥದ್ದು ನಮ್ಮಲ್ಲಿ ಕಾಣೆಯಾಗುತ್ತಿದೆ ಅಂದರೆ ಗಿಡದಲ್ಲಿ ದೋಷವಿಲ್ಲ. ಅದು ನಿಲ್ಲುವ ಜಾಗವೇ ಹೋಗಿದೆ.

ಅದರ ಜಾಗ ಯಾವುದು? ಇಲ್ಲೇ ಹೆಚ್ಚಿನವರು ತಪ್ಪು ತಿಳಿಯುವುದು. ಕಾಡು ಕಡಿದಿದ್ದಕ್ಕೆ ಹೂ ಹೋಯಿತು ಅನ್ನುತ್ತಾರೆ. ಆದರೆ ದಟ್ಟ ಕಾಡಿನ ಒಳಗೆ ಹೋಗಿ ನೋಡಿ, ತೋಕ್ ಪೂ ಸಿಗುವುದು ಕಷ್ಟ. ಬಯಲಿನ ನಡುವೆಯೂ ಇಲ್ಲ. ಅದು ಅಂಚಿನ ಗಿಡ. ಬುಡಕ್ಕೆ ನೆರಳು ಬೇಕು, ತಲೆಗೆ ಬಿಸಿಲು ಬೇಕು. ಹತ್ತಲು ಪೊದೆ ಬೇಕು. ನೀರು ಹರಿದು ಹೋಗುವ ಇಳಿಜಾರು ಬೇಕು, ನಿಂತ ನೀರು ಆಗದು. ಇದೆಲ್ಲ ಒಟ್ಟಿಗೆ ಸಿಗುವುದು ಕಾಡು ಮುಗಿದು ಬಯಲು ಶುರುವಾಗುವ ಗೆರೆಯಲ್ಲಿ ಮಾತ್ರ.

ಹಳೆಯ ಕೊಡಗಿನಲ್ಲಿ ಅಂಥ ಗೆರೆ ಎಷ್ಟಿತ್ತು ಅಂತ ಯೋಚಿಸಿ. ತಗ್ಗಿನಲ್ಲಿ ಗದ್ದೆ, ಅದರ ಮೇಲಿನ ಇಳಿಜಾರಿನಲ್ಲಿ ಆ ಗದ್ದೆಗೆ ಸೇರಿದ ಬಾಣೆ ಅನ್ನುವ ಮರಗಿಡದ ಜಾಗ. ಬಾಣೆಯಿಂದ ಸೊಪ್ಪು, ಸೌದೆ, ದನಕ್ಕೆ ಮೇವು. ಗದ್ದೆಗೂ ಬಾಣೆಗೂ ನಡುವೆ ಬರೆ. ಬರೆಯ ಮೇಲೆ ಕುರುಚಲು ಪೊದೆ, ಗೂಟ ನೆಟ್ಟು ಕಟ್ಟಿದ ಜೀವಂತ ಬೇಲಿ, ಓಣಿ. ಪ್ರತಿ ಮನೆಗೂ ಇಂಥ ಉದ್ದುದ್ದ ಅಂಚು. ಯಾರೂ ಅದನ್ನು ಕಾಪಾಡುತ್ತಿರಲಿಲ್ಲ, ಕಾಪಾಡಬೇಕಾಗಿಯೂ ಇರಲಿಲ್ಲ. ವರ್ಷಕ್ಕೊಮ್ಮೆ ಬೇಲಿ ಸವರಿದರೆ ಮುಗಿಯಿತು. ಅದನ್ನೂ ಕೈಗತ್ತಿಯಲ್ಲಿ.

ಇಲ್ಲಿ ಒಂದು ವಿಷಯ ನನಗೆ ಬಹಳ ದಿನ ಹೊಳೆದಿರಲಿಲ್ಲ. ಕೈಲ್ ಪೊಳ್ದ್ ನಾಟಿ ಮುಗಿದ ಹಬ್ಬ. ತೋಕ್ ಪೂ ಅರಳುವುದು ನಾಟಿ ಮುಗಿದ ಗದ್ದೆಯ ಬರೆಯಲ್ಲಿ. ಹಬ್ಬಕ್ಕೆ ಹೂ ಹುಡುಕಿಕೊಂಡು ಯಾರೂ ದೂರ ಹೋಗಿರಲಾರರು. ಕೆಲಸ ಮುಗಿಸಿ ಮನೆಗೆ ಬರುವ ದಾರಿಯಲ್ಲೇ ಅದು ನಿಂತಿತ್ತು. ಹಬ್ಬವೂ ಹೂವೂ ಒಂದೇ ಗದ್ದೆಯ ಕೂಸುಗಳು. ಈಗ ಹಬ್ಬ ಉಳಿದಿದೆ, ಗದ್ದೆ ಕಡಿಮೆಯಾಗಿದೆ. ಭತ್ತಕ್ಕೆ ಆಳಿಲ್ಲ, ಬೆಲೆಯಿಲ್ಲ, ಆನೆ-ಹಂದಿ ಕಾಟ ಬೇರೆ. ಕೆಲವು ಗದ್ದೆ ಪಾಳು ಬಿದ್ದಿವೆ, ಕೆಲವು ಅಡಿಕೆ ಆಗಿವೆ, ಕೆಲವು ಶುಂಠಿಗೆ ಹೋಗಿವೆ, ರಸ್ತೆ ಪಕ್ಕದವು ಸೈಟು ಮತ್ತು ರೆಸಾರ್ಟ್ ಆಗಿವೆ. ಹಾಗೆ ಮಾಡಿದವರನ್ನು ನಾನು ದೂರುವುದಿಲ್ಲ. ಗದ್ದೆ ಮಾಡಿ ಕೈ ಸುಟ್ಟುಕೊಂಡವರ ಕಷ್ಟ ನನಗೂ ಗೊತ್ತು. ಆದರೆ ಗದ್ದೆ ಹೋದಾಗ ಅದರ ಅಂಚೂ ಜೊತೆಗೇ ಹೋಗುತ್ತದೆ ಅನ್ನುವುದು ಯಾರ ಲೆಕ್ಕದಲ್ಲೂ ಬರುವುದಿಲ್ಲ.

ಅಂಚು ಉಳಿದಿರುವ ಕಡೆಯೂ ಹೂ ಏಕೆ ಇಲ್ಲ? ಇದಕ್ಕೆ ಗಿಡದ ಒಳಗುಟ್ಟು ಗೊತ್ತಿರಬೇಕು. ಇಡೀ ಉತ್ತರದಲ್ಲಿ ನೀವು ನೆನಪಿಡಬೇಕಾದ ಭಾಗ ಇದೇ.

ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ತೋಕ್ ಪೂ ಮಣ್ಣಿನೊಳಗೆ ನಿದ್ದೆಯಲ್ಲಿರುತ್ತದೆ. ಮೇಲೆ ಏನೂ ಕಾಣುವುದಿಲ್ಲ. ಒಳಗೆ ಗೆಡ್ಡೆ ಮಾತ್ರ, ಸಾಮಾನ್ಯವಾಗಿ ಕವಣೆಕೋಲಿನ ಹಾಗೆ ಎರಡು ಕವಲಿನದು. ಮುಂಗಾರು ಬಿದ್ದ ಮೇಲೆ ಕವಲಿನ ತುದಿಯಲ್ಲಿರುವ ಮೊಳಕೆ ಎದ್ದು ಬರುತ್ತದೆ. ಆಗ ಹಳೆಯ ಗೆಡ್ಡೆ ತನ್ನಲ್ಲಿದ್ದ ಹಿಟ್ಟನ್ನೆಲ್ಲ ಕೊಟ್ಟು ಸೊರಗಿ ಹೋಗುತ್ತದೆ. ಬಳ್ಳಿ ಮೇಲೆ ಹತ್ತಿ, ಎಲೆ ಬಿಚ್ಚಿ, ಬಿಸಿಲು ಕುಡಿದು, ಮುಂದಿನ ವರ್ಷಕ್ಕೆ ಹೊಸ ಗೆಡ್ಡೆ ಕಟ್ಟಬೇಕು. ಅಂದರೆ ಪ್ರತಿ ವರ್ಷ ಈ ಗಿಡ ತನ್ನ ಇಡೀ ಉಳಿತಾಯ ಖರ್ಚು ಮಾಡಿ, ಮತ್ತೆ ಸೊನ್ನೆಯಿಂದ ಕೂಡಿಸುತ್ತದೆ. ಬ್ಯಾಂಕಿನಲ್ಲಿ ಹಳೇ ಬಾಕಿ ಅನ್ನುವುದು ಅದಕ್ಕಿಲ್ಲ.

ಈಗ ಜುಲೈಯಲ್ಲಿ ಯಾರೋ ಬಳ್ಳಿಯನ್ನು ಬುಡಕ್ಕೆ ಕೊಚ್ಚಿದರು ಅಂತಿಟ್ಟುಕೊಳ್ಳಿ. ಹಳೆಯ ಗೆಡ್ಡೆ ಖಾಲಿ, ಹೊಸದು ಇನ್ನೂ ಬೆರಳಿನಷ್ಟೂ ಆಗಿಲ್ಲ. ಮುಂದಿನ ವರ್ಷ ಬರುವ ಬಳ್ಳಿ ಬಡಕಲು, ಹೂ ಬಿಡುವ ಶಕ್ತಿಯಿಲ್ಲ. ಅದನ್ನೂ ಕೊಚ್ಚಿದರೆ ಮೂರನೇ ವರ್ಷ ಇನ್ನೂ ಸಣ್ಣದು. ಹೀಗೇ ನಡೆದರೆ ಒಂದು ವರ್ಷ ಬರುವುದೇ ಇಲ್ಲ. ಹೀಗೆ ಸಾಯುವ ಗಿಡ ಯಾರ ಕಣ್ಣಿಗೂ ಬೀಳುವುದಿಲ್ಲ. ಹೂವಿಲ್ಲದ ತೋಕ್ ಪೂ ನೋಡಿದರೆ ಯಾರಿಗೆ ಗುರುತು ಸಿಗುತ್ತದೆ? ಕಳೆ ಅಂದುಕೊಳ್ಳುತ್ತಾರೆ.

ಹಿಂದೆಯೂ ಕಳೆ ಕೊಚ್ಚುತ್ತಿದ್ದರಲ್ಲ ಅಂತ ನೀವು ಕೇಳಬಹುದು. ಕೊಚ್ಚುತ್ತಿದ್ದರು, ಕತ್ತಿಯಲ್ಲಿ. ಕತ್ತಿ ಹಿಡಿದ ಕೈ ಬಗ್ಗಿ ನೋಡುತ್ತದೆ, ಬೇಕಾದ ಬಳ್ಳಿಯನ್ನು ಬಿಟ್ಟು ಮುಂದೆ ಹೋಗುತ್ತದೆ. ವೀಡ್ ಕಟರ್ ನೋಡುವುದಿಲ್ಲ. ಆಳಿನ ಅಭಾವದಲ್ಲಿ ಆ ಯಂತ್ರ ಬಂದದ್ದು ತೋಟದವರಿಗೆ ದೊಡ್ಡ ಉಪಕಾರ, ಸುಮ್ನೆ ಬೈದು ಪ್ರಯೋಜನವಿಲ್ಲ. ಆದರೆ ಒಬ್ಬ ಮನುಷ್ಯ ಬೆಳಗ್ಗೆಯಿಂದ ಸಂಜೆಯೊಳಗೆ ಇಡೀ ಬರೆಯನ್ನು ಗಡ್ಡ ಬೋಳಿಸಿದಂತೆ ಮಾಡಿ ಮುಗಿಸುತ್ತಾನೆ. ಅದೂ ಮಳೆಗಾಲದಲ್ಲೇ, ಮತ್ತೆ ಹಬ್ಬಕ್ಕೆ ಮುಂಚೆ ದಾರಿ ಚೆಂದ ಕಾಣಲಿ ಅಂತ ಇನ್ನೊಮ್ಮೆ. ಹಬ್ಬದ ಹೂವನ್ನು ಹಬ್ಬಕ್ಕಾಗಿಯೇ ಕೊಚ್ಚುವುದು!

ಕಳೆನಾಶಕ ಇದಕ್ಕಿಂತ ಕೆಟ್ಟದ್ದು. ಗ್ಲೈಫೋಸೇಟ್‌ನಂಥವು ಎಲೆಯ ಮೇಲೆ ಬಿದ್ದು ಒಳಗೆ ಇಳಿದು ಗೆಡ್ಡೆಯವರೆಗೂ ಹೋಗುತ್ತವೆ. ಕೊಚ್ಚಿದ ಗಿಡಕ್ಕೆ ಇನ್ನೊಂದು ಅವಕಾಶ ಇರುತ್ತದೆ, ಇದಕ್ಕೆ ಇಲ್ಲ. ಜೆಸಿಬಿಯ ವಿಷಯ ಕೇಳುವುದೇ ಬೇಡ. ರಸ್ತೆ ಅಗಲ ಮಾಡುವಾಗ ಮೊದಲು ಕೆರೆಯುವುದೇ ಬರೆಯನ್ನು. ಶುಂಠಿಗೆ ನೆಲ ಅಗೆದು ಮಡಿ ಮಾಡುವಾಗ ಗೆಡ್ಡೆ ಮೇಲೆ ಬಂದು ಒಣಗುತ್ತದೆ. ಬೇಲಿಯ ಜಾಗಕ್ಕೆ ಕಲ್ಲುಕಂಬ, ಮುಳ್ಳುತಂತಿ, ಸೋಲಾರ್ ತಂತಿ ಬಂದಿದೆ. ಸೋಲಾರ್ ತಂತಿಗೆ ಹಸಿರು ತಾಗಿದರೆ ಕರೆಂಟ್ ಸೋರುತ್ತದೆ ಅಂತ ಅದರ ಕೆಳಗೆ ಹುಲ್ಲು ಕೂಡ ಬೆಳೆಯಲು ಬಿಡುವುದಿಲ್ಲ.

ಲಂಟಾನದ ಬಗ್ಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಅದು ಹೊರಗಿನಿಂದ ಬಂದ ಕೆಟ್ಟ ಪೊದೆ, ಒಪ್ಪುತ್ತೇನೆ. ಕಾಡಂಚನ್ನೆಲ್ಲ ನುಂಗಿದೆ. ಆದರೆ ನಾನು ಈಚೆಗೆ ನೋಡಿದ ತೋಕ್ ಪೂಗಳಲ್ಲಿ ಎಷ್ಟೋ ಬಳ್ಳಿಗಳು ಲಂಟಾನದ ಮೇಲೆಯೇ ಹತ್ತಿದ್ದವು. ಆ ಮುಳ್ಳಿನೊಳಗೆ ವೀಡ್ ಕಟರ್‌ನವನೂ ಹೋಗುವುದಿಲ್ಲ. ಹಾಗಾಗಿ ಲಂಟಾನ ತೆಗೆಯುವುದಿದ್ದರೆ ಬೇಸಿಗೆಯಲ್ಲಿ, ಕೈಯಿಂದ, ಸ್ವಲ್ಪ ಸ್ವಲ್ಪವಾಗಿ ತೆಗೆಯಿರಿ. ಯಂತ್ರ ತಂದು ಬುಡಸಮೇತ ಕಿತ್ತರೆ ಕಳ್ಳನ ಜೊತೆ ಮನೆಯವರನ್ನೂ ಹೊರಗೆ ಹಾಕಿದ ಹಾಗೆ.

ಇನ್ನೊಂದು ಕಾರಣ, ಗೆಡ್ಡೆ ಅಗೆಯುವವರು. ಈ ಗಿಡದಲ್ಲಿ ಕಾಲ್ಚಿಸಿನ್ ಅನ್ನುವ ಪದಾರ್ಥವಿದೆ. ಗೌಟ್ ಅಂದರೆ ಹೆಬ್ಬೆರಳು ಊದಿ ಪ್ರಾಣ ಹೋಗುವಂತೆ ನೋಯುವ ಸಂಧಿವಾತಕ್ಕೆ ಅದರ ಮಾತ್ರೆ ಕೊಡುತ್ತಾರೆ. ಔಷಧಿ ಕಂಪನಿಗಳಿಗೆ ಬೇಕಾದ ಬೀಜಕ್ಕಾಗಿ ತಮಿಳುನಾಡಿನ ಕರೂರು, ದಿಂಡಿಗಲ್, ತಿರುಪ್ಪೂರು ಕಡೆ ಇದನ್ನು ಹೊಲದಲ್ಲೇ ಬೆಳೆಸುತ್ತಾರೆ. ಅಲ್ಲಿ ಬಳ್ಳಿಗೆ ಸಾಲುಸಾಲಾಗಿ ಆಸರೆ ಕಟ್ಟುತ್ತಾರೆ, ಬೆಳಗ್ಗೆ ಹೊತ್ತು ಹೂವಿಂದ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ. ಆದರೆ ಹೊಲ ಶುರು ಮಾಡಲು ಗೆಡ್ಡೆ ಬೇಕಲ್ಲ. ಹಾಗಾಗಿ ಗೆಡ್ಡೆಗೆ ಬೆಲೆಯಿದೆ, ಕಾಡಿನಿಂದ ಅಗೆಯುವ ಆಸೆಯೂ ಇದೆ.

ಪರಾಗದ ಮಾತು ಬಂತು, ಹೂವಿನ ರಚನೆಯನ್ನು ಸ್ವಲ್ಪ ನೋಡೋಣ. ನನಗೆ ತುಂಬಾ ಇಷ್ಟದ ಸಂಗತಿ. ಮೊಗ್ಗು ತಲೆ ಬಗ್ಗಿಸಿ ನೇತಾಡುತ್ತದೆ. ಅರಳುವಾಗ ಆರು ಎಸಳೂ ಹಿಂದಕ್ಕೆ ಮಡಚಿ ಮೇಲಕ್ಕೆ ನಿಲ್ಲುತ್ತವೆ, ಬೆಂಕಿಯ ನಾಲಿಗೆಯ ಹಾಗೆ. ಮೊದಲು ಹಸಿರು ಹಳದಿ, ಆಮೇಲೆ ತುದಿಯಿಂದ ಕೆಂಪು ಇಳಿಯುತ್ತ ಬಂದು ಕೊನೆಗೆ ಪೂರ್ತಿ ಕೆಂಪು. ಒಂದೇ ಬಳ್ಳಿಯಲ್ಲಿ ಮೂರು ಬಣ್ಣದ ಹೂ ಕಾಣುವುದು ಇದಕ್ಕೇ. ಕೇಸರಗಳು ಛತ್ರಿಯ ಕಡ್ಡಿಯಂತೆ ಸುತ್ತಲೂ ಹರಡುತ್ತವೆ. ಹೆಣ್ಣು ಭಾಗದ ಕಡ್ಡಿ ಮಾತ್ರ ಬುಡದಲ್ಲೇ ಮುರಿದ ಹಾಗೆ ಒಂದು ಪಕ್ಕಕ್ಕೆ ಬಾಗಿರುತ್ತದೆ. ಮುರಿದದ್ದಲ್ಲ, ತನ್ನದೇ ಪರಾಗ ತನಗೆ ತಾಗದಿರಲಿ ಅಂತ ದೂರ ಸರಿದು ನಿಂತಿದೆ. ದೊಡ್ಡ ರೆಕ್ಕೆಯ ಚಿಟ್ಟೆಯೋ ಸೂರಕ್ಕಿಯೋ ಬಂದು ಜೇನು ಹೀರುವಾಗ ರೆಕ್ಕೆಗೆ, ಎದೆಗೆ ಪರಾಗ ಅಂಟಬೇಕು, ಮುಂದಿನ ಹೂವಿಗೆ ಹೋಗಬೇಕು. ಊರಿಗೊಂದು ಬಳ್ಳಿ ಉಳಿದರೆ ಆ ಮುಂದಿನ ಹೂ ಎಲ್ಲಿದೆ? ಒಂಟಿ ಬಳ್ಳಿ ಹೂ ಬಿಟ್ಟರೂ ಕಾಯಿ ಕಟ್ಟುವುದು ಕಡಿಮೆ. ಹೂ ಕಂಡಿತು, ಇನ್ನೇನು ಚಿಂತೆಯಿಲ್ಲ ಅನ್ನುವ ಹಾಗಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಕಾಡಂಚಿನಿಂದ ಅಗೆದು ತರಬಹುದಾ? ಬೇಡ. ಮೀಸಲು ಅರಣ್ಯವಾದರೆ ಅದು ಕಾನೂನಿಗೂ ವಿರುದ್ಧ, ದೇವರಕಾಡಾದರೆ ನಾಡಿನ ಕಟ್ಟುಪಾಡಿಗೂ ವಿರುದ್ಧ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಒತ್ತುವರಿಯಲ್ಲಿ ಸವೆದು ಉಳಿದ ಅವುಗಳ ಅಂಚಿನಲ್ಲೇ ಇಂಥ ಗಿಡಗಳಿಗೆ ಕೊನೆಯ ಆಸರೆ. ಅಲ್ಲಿಂದ ತಂದರೆ ಒಂದು ಕಡೆ ಅಳಿಸಿ ಇನ್ನೊಂದು ಕಡೆ ಬರೆದ ಹಾಗೆ. ಬರೆದದ್ದೂ ನಿಲ್ಲುವುದಿಲ್ಲ, ಅದು ಬೇರೆ ಮಾತು.

ನಿಲ್ಲುವುದಿಲ್ಲ ಅಂತ ಹೇಳಲು ನನಗೆ ಸ್ವಂತ ಅನುಭವವಿದೆ. ಕಾಲೇಜು ಮುಗಿಸಿದ ಹೊಸದರಲ್ಲಿ, ಗಿಡದ ವಿದ್ಯೆ ಎಲ್ಲ ತಲೆಯಲ್ಲಿದೆ ಅನ್ನುವ ಜಂಬ. ರಸ್ತೆ ಕೆಲಸಕ್ಕೆ ಕೆರೆಯಲಿದ್ದ ಒಂದು ಬರೆಯಿಂದ ಐದು ಗೆಡ್ಡೆ ಅಗೆದು ತಂದೆ. ಉಳಿಸುತ್ತಿದ್ದೇನೆ ಅನ್ನುವ ಭಾವನೆ. ಐದರಲ್ಲಿ ಮೇಲೆ ಬಂದದ್ದು ಒಂದು. ಉಳಿದ ನಾಲ್ಕನ್ನು ತೆಗೆದು ನೋಡಿದರೆ ತುದಿ ಮುರಿದಿತ್ತು. ಈ ಗೆಡ್ಡೆ ಸೌತೆಕಾಯಿಯಂತೆ ಗರಿಗರಿ, ಮೊಳಕೆ ಇರುವುದು ಕವಲಿನ ತುದಿಯಲ್ಲಿ ಮಾತ್ರ. ಆಲೂಗಡ್ಡೆಯ ಹಾಗೆ ಮೈತುಂಬ ಕಣ್ಣಿಲ್ಲ. ಗುದ್ದಲಿ ತಾಗಿ ತುದಿ ಮುರಿದರೆ ಆ ಕವಲು ಸತ್ತ ಹಾಗೆ. ಪುಸ್ತಕದಲ್ಲಿ ಓದಿದ್ದೆ, ಕೈಗೆ ಗೊತ್ತಿರಲಿಲ್ಲ. ಬದುಕಿದ ಒಂದನ್ನೂ ಚಟ್ಟಿಯಲ್ಲಿ ಇಟ್ಟು, ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಗೆ ನೀರು ನಿಂತು, ಅದೂ ಕೊಳೆಯಿತು.

ಬೆಳೆಸಲೇಬೇಕು ಅಂದರೆ ಬೀಜದಿಂದ ಮಾಡಿ. ನಿಧಾನ, ಆದರೆ ಯಾರಿಗೂ ನಷ್ಟವಿಲ್ಲ. ಅಕ್ಟೋಬರ್-ನವೆಂಬರ್‌ನಲ್ಲಿ ಕಾಯಿ ಒಣಗಿ ಬಿರಿಯುತ್ತದೆ, ಒಳಗೆ ಕೆಂಪು-ಕಿತ್ತಳೆ ಬಣ್ಣದ ಬೀಜ ಸಾಲಾಗಿ ಅಂಟಿರುತ್ತದೆ. ಒಂದು ಬಳ್ಳಿಯ ಎಲ್ಲ ಕಾಯಿ ತರಬೇಡಿ, ಒಂದೆರಡು ಸಾಕು. ಬೀಜವನ್ನು ನೆರಳಲ್ಲಿ ಒಣಗಿಸಿ ಇಡಿ. ಏಪ್ರಿಲ್ ಕೊನೆಗೆ ಒಂದು ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಮರಳು ಬೆರೆಸಿದ ಮಣ್ಣಿನಲ್ಲಿ ಅರ್ಧ ಇಂಚು ಆಳಕ್ಕೆ ಬಿತ್ತಿ. ಎಲ್ಲವೂ ಒಟ್ಟಿಗೆ ಮೊಳೆಯುವುದಿಲ್ಲ. ಒಂದು ತಿಂಗಳಿಗೆ ಒಂದು, ಎರಡು ತಿಂಗಳಿಗೆ ಇನ್ನೊಂದು. ಕೆಲವು ಮುಂದಿನ ವರ್ಷ. ಮೊದಲ ವರ್ಷ ಬರುವುದು ಹುಲ್ಲಿನಂಥ ಎರಡು ಎಲೆ, ಕಳೆ ಅಂತ ಕೀಳಬೇಡಿ. ಹೂ ನೋಡಲು ಮೂರು ನಾಲ್ಕು ವರ್ಷ ಬೇಕು. ಕಾಫಿ ಗಿಡಕ್ಕೆ ಕಾಯುವವರಿಗೆ ಇದೇನೂ ದೊಡ್ಡದಲ್ಲ.

ಜಾಗ ಹುಡುಕುವಾಗ ಬೆಳಗಿನ ಬಿಸಿಲು ಬೀಳುವ ಇಳಿಜಾರು ನೋಡಿ. ಗೆಡ್ಡೆಯನ್ನು ನೆಡುವುದಾದರೆ ನಿಲ್ಲಿಸಬೇಡಿ, ಮಲಗಿಸಿ, ಎರಡು ಮೂರು ಇಂಚು ಮಣ್ಣು ಮುಚ್ಚಿ. ಪಕ್ಕದಲ್ಲಿ ಒಂದು ದಾಸವಾಳವೋ ಯಾವುದಾದರೂ ಪೊದೆಯೋ ಇರಲಿ. ಎಲೆಯ ತುದಿಯೇ ಇದರ ಕೈ. ಅದು ಸುತ್ತಿ ಹಿಡಿಯಲು ತೆಳ್ಳಗಿನ ಕಡ್ಡಿ ಬೇಕು, ದಪ್ಪ ಕಂಬ ಹಿಡಿಯಲಾರದು. ನರ್ಸರಿ ಗೆಡ್ಡೆ ಕೊಳ್ಳುವಾಗ ಒಂದು ಎಚ್ಚರ. ಅಗಲ ಎಸಳಿನ, ಕಡುಗೆಂಪಿನ ರಾತ್‌ಚೈಲ್ಡಿಯಾನಾ ಅನ್ನುವ ಆಫ್ರಿಕಾ ಮೂಲದ್ದನ್ನು ಇದೇ ಹೆಸರಲ್ಲಿ ಮಾರುತ್ತಾರೆ. ಅಂಗಳದ ಚಟ್ಟಿಗೆ ಚೆಂದ, ತಪ್ಪಿಲ್ಲ. ಕಾಡಂಚಿನ ಬರೆಗೆ ತಂದು ನೆಡಬೇಡಿ. ಅಲ್ಲಿ ನಮ್ಮದೇ ಇರಲಿ.

ವಿಷದ ವಿಷಯದಲ್ಲಿ ನಿಮ್ಮ ಅತ್ತೆ ನೂರಕ್ಕೆ ನೂರು ಸರಿ. ಗಿಡದ ಎಲ್ಲ ಭಾಗವೂ ವಿಷ. ಗೆಡ್ಡೆ ಮತ್ತು ಬೀಜ ಹೆಚ್ಚು ಅಪಾಯ. ಗೌಟ್‌ಗೆ ಔಷಧಿಯಾದ ಅದೇ ಕಾಲ್ಚಿಸಿನ್ ಪ್ರಮಾಣ ಮೀರಿದರೆ ದೇಹದಲ್ಲಿ ಜೀವಕೋಶ ಒಡೆದು ಎರಡಾಗುವುದನ್ನೇ ನಿಲ್ಲಿಸಿಬಿಡುತ್ತದೆ. ಹಾಗಾಗಿ ದಿನವೂ ಹೊಸದಾಗಿ ಹುಟ್ಟುವ ಜೀವಕೋಶಗಳಿಗೆ ಮೊದಲ ಪೆಟ್ಟು: ಕರುಳಿನ ಒಳಪದರ, ರಕ್ತ ಹುಟ್ಟುವ ಮಜ್ಜೆ, ಕೂದಲ ಬುಡ. ತಿಂದ ತಕ್ಷಣ ಏನೂ ಆಗದಿರಬಹುದು. ಕೆಲವು ಗಂಟೆ ಕಳೆದ ಮೇಲೆ ಬಾಯಿ ಗಂಟಲು ಉರಿ, ವಾಂತಿ, ಭೇದಿ ಶುರು. ಬದುಕಿ ಉಳಿದವರಿಗೆ ಒಂದೆರಡು ವಾರದಲ್ಲಿ ಕೂದಲು ಉದುರುತ್ತದೆ. ಭಾರತದಲ್ಲಿ, ಶ್ರೀಲಂಕಾದಲ್ಲಿ ಗೆಣಸು ಅಂದುಕೊಂಡು ಗೆಡ್ಡೆ ಬೇಯಿಸಿ ತಿಂದು ಸತ್ತವರಿದ್ದಾರೆ. ಬೇಯಿಸಿದರೆ ವಿಷ ಹೋಗುವುದಿಲ್ಲ. ಯಾರಾದರೂ ತಿಂದರು ಅನ್ನುವ ಅನುಮಾನ ಬಂದರೂ ಸಾಕು, ವಾಂತಿ ಶುರುವಾಗಲಿ ಅಂತ ಕಾಯಬೇಡಿ. ಗಿಡದ ತುಂಡನ್ನೂ ಜೊತೆಗೆ ಹಿಡಿದು ನೇರ ಆಸ್ಪತ್ರೆಗೆ ಹೋಗಿ.

ಹೆರಿಗೆ ಬೇಗ ಆಗಲು ಗೆಡ್ಡೆ ಅರೆದು ಹೊಟ್ಟೆಗೆ ಹಚ್ಚುವುದು, ಹಾವು ಕಡಿತಕ್ಕೆ ಕೊಡುವುದು, ಇಂಥ ಹಳೆಯ ಮಾತುಗಳು ನಮ್ಮಲ್ಲಿ ಇನ್ನೂ ಓಡಾಡುತ್ತಿವೆ. ಆಯುರ್ವೇದವೇ ಲಾಂಗಲಿಯನ್ನು ಉಪವಿಷಗಳ ಸಾಲಿಗೆ ಸೇರಿಸಿದೆ, ಗರ್ಭ ಬೀಳಿಸುವಂಥದ್ದು ಅನ್ನುವ ಅರ್ಥದ ಹೆಸರನ್ನೂ ಕೊಟ್ಟಿದೆ. ಅಜ್ಜಿಗೆ ಗೊತ್ತಿತ್ತು ಅನ್ನುವುದು ನಿಜವಿರಬಹುದು. ನಮಗೆ ಗೊತ್ತಿಲ್ಲ. ಮನೆಮದ್ದಿನ ಪಟ್ಟಿಯಿಂದ ಇದನ್ನು ತೆಗೆದುಬಿಡಿ.

ಹಾಗಂತ ಹೆದರಿ ಗಿಡ ಕೀಳಬೇಕಾಗಿಲ್ಲ. ಹೂ ಮುಟ್ಟಿದರೆ ಸಾಯುವುದಿಲ್ಲ. ಕೊಯ್ದ ಮೇಲೆ ಕೈ ತೊಳೆಯಿರಿ. ಗೆಡ್ಡೆ ಮುಟ್ಟುವಾಗ ಗ್ಲೌಸ್ ಹಾಕಿ. ಅಂಗನವಾಡಿ ವಯಸ್ಸಿನ ಮಕ್ಕಳು ಓಡಾಡುವ ಅಂಗಳದಲ್ಲಿ, ದನ ಕಟ್ಟುವ ಕಡೆ ಬೇಡ, ತೋಟದ ಆಚೆ ಬರೆಯಲ್ಲಿ ಇರಲಿ. ಪೂಜೆ ಮುಗಿದ ಮೇಲೆ ಬಾಡಿದ ಹೂವನ್ನು ದನದ ಬಾನಿಗೆ ಹಾಕಬೇಡಿ, ಹೂತುಬಿಡಿ. ಲೈನ್ ಮನೆಗಳಲ್ಲಿ ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದವರಿದ್ದರೆ ಅವರಿಗೂ ಗೆಡ್ಡೆ ತೋರಿಸಿ ಹೇಳಿ. ಕಾಡುಗೆಣಸು ಅಗೆದು ತಿನ್ನುವ ಅಭ್ಯಾಸ ಇದ್ದವರಿಗೆ ಇದು ಮೋಸ ಮಾಡುವ ಗೆಡ್ಡೆ.

ಹಬ್ಬಕ್ಕೆ ಕೊಯ್ಯುವುದರಿಂದ ಗಿಡಕ್ಕೆ ತೊಂದರೆಯಾ ಅಂತ ನೀವು ಕೇಳಿಲ್ಲ, ಆದರೆ ಕೇಳುವವರಿದ್ದಾರೆ. ಹೂ ಕೊಯ್ದರೆ ಗೆಡ್ಡೆಗೆ ನಷ್ಟವಿಲ್ಲ. ಬಳ್ಳಿ ಎಳೆದರೆ ನಷ್ಟ. ಹಬ್ಬದ ಹಿಂದಿನ ಸಂಜೆ ಕತ್ತಲಾಗುವ ಹೊತ್ತಿಗೆ ಅವಸರದಲ್ಲಿ ಬಳ್ಳಿಯನ್ನೇ ಎಳೆದು ಮೂರು ಹೂ ಬಿಡಿಸಿಕೊಂಡು ಉಳಿದದ್ದು ಬಿಸಾಡುವುದನ್ನು ನಾನೇ ನೋಡಿದ್ದೇನೆ. ಕತ್ತರಿಯಿಂದ ತೊಟ್ಟು ಮಾತ್ರ ಕತ್ತರಿಸಿ. ಒಂದು ಕೋವಿಗೆ ಒಂದು ಹೂ ಸಾಕು. ಬಳ್ಳಿಯಲ್ಲಿ ನಾಲ್ಕಿದ್ದರೆ ಎರಡು ತೆಗೆಯಿರಿ, ಎರಡು ಕಾಯಿಗೆ ಬಿಡಿ.

2021ರ ಆಗಸ್ಟಿನಲ್ಲಿ ಮಾಂದಲಪಟ್ಟಿಯ ಬೆಟ್ಟದಲ್ಲಿ ಕುರಿಂಜಿ ಅರಳಿದಾಗ ಜನ ಜಾತ್ರೆಯಂತೆ ಹೋದರು, ಫೋಟೋ ತೆಗೆದರು. ವರ್ಷಗಟ್ಟಲೆ ಕಾಯಿಸಿ ಬೆಟ್ಟವಿಡೀ ನೀಲಿಯಾಗುವ ಹೂವಿಗೆ ಸುದ್ದಿ ಸಿಗುತ್ತದೆ. ವರ್ಷವರ್ಷವೂ ಹಿತ್ತಲ ಬರೆಯಲ್ಲಿ ಒಂಟಿಯಾಗಿ ಅರಳುವ ಹೂವಿಗೆ ಸಿಗುವುದಿಲ್ಲ. ಯಾವ ಅಭಯಾರಣ್ಯದ ಗಡಿಯೂ ನಿಮ್ಮ ಗದ್ದೆಯ ಬರೆಯನ್ನು ಒಳಗೆ ತೆಗೆದುಕೊಳ್ಳುವುದಿಲ್ಲ. ಅದು ನಿಮ್ಮ ಪಟ್ಟೆಯ ಜಾಗ, ಅಲ್ಲಿ ಯಾವಾಗ ಕೊಚ್ಚಬೇಕು ಅನ್ನುವುದು ನಿಮ್ಮ ಮಾತು.

ಮತ್ತೆ ಆ ಮಾತು ಸುಲಭದ್ದೇ. ಬರೆಯನ್ನು ಕೊಚ್ಚಬೇಡಿ ಅಂತ ನಾನು ಹೇಳುವುದಿಲ್ಲ. ಕೊಚ್ಚದಿದ್ದರೆ ಅದು ಮರ ಬೆಳೆದು ಕತ್ತಲಾಗುತ್ತದೆ, ಆಗಲೂ ತೋಕ್ ಪೂ ಹೋಗುತ್ತದೆ. ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಕೊನೆಯ ಒಳಗೆ ಕೊಚ್ಚಿ, ಅಷ್ಟೆ. ಆಗ ಗಿಡ ಮಣ್ಣಿನೊಳಗೆ ಮಲಗಿರುತ್ತದೆ, ಮೇಲೆ ಏನು ನಡೆದರೂ ಅದಕ್ಕೆ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ದಾರಿ ಬಿಡಿಸಲೇಬೇಕಾದರೆ ದಾರಿಯ ಬದಿ ಬಿಡಿಸಿ, ಬರೆಯ ಮೇಲಿನ ಮೂರಡಿ ಬಿಡಿ.

ಇನ್ನು ನಿಮ್ಮ ಕಣದ ಹಿಂದಿನ ಗಿಡ. ಎಲೆಯ ತುದಿಯೇ ಸುರುಳಿಯಾಗಿ ಹಿಡಿಯುವ ಬಳ್ಳಿಗಳು ನಮ್ಮಲ್ಲಿ ಬಹಳ ಇಲ್ಲ. ಇರುವ ಇನ್ನೊಂದು, ಬೆತ್ತದಂಥ ಗಟ್ಟಿ ಬಳ್ಳಿ, ವರ್ಷವಿಡೀ ಹಸಿರಾಗಿ ನಿಲ್ಲುತ್ತದೆ. ನಿಮ್ಮದು ಬೇಸಿಗೆಗೆ ಮಾಯವಾಗಿ ಮಳೆಗೆ ಬರುತ್ತದೆ ಅಂದಿರಿ. ಹಾಗಾದರೆ ಅದು ತೋಕ್ ಪೂವೇ. ಹೂ ಏಕಿಲ್ಲ ಅನ್ನುವುದೂ ಈಗ ನಿಮಗೆ ಗೊತ್ತು. ಕಣದ ಸುತ್ತ ಮಳೆಗಾಲದಲ್ಲಿ ವೀಡ್ ಕಟರ್ ಹೊಡೆಸುತ್ತೀರಿ, ಅಲ್ವಾ? ಪ್ರತಿ ವರ್ಷ ಅದು ಗೇಣುದ್ದ ಬಂದು ಕತ್ತರಿಸಿಕೊಂಡು, ಬೆರಳಿನಷ್ಟು ಗೆಡ್ಡೆ ಕಟ್ಟಿಕೊಂಡು ಮತ್ತೆ ಬಂದಿದೆ.

ಈ ಜೂನ್‌ನಲ್ಲಿ ಮೊದಲ ಎಲೆ ಕಂಡ ದಿನವೇ ಅದರ ಸುತ್ತ ನಾಲ್ಕು ಗೂಟ ಹೊಡೆಯಿರಿ. ಒಂದಕ್ಕೆ ಕೆಂಪು ಬಟ್ಟೆ ಕಟ್ಟಿ. ಯಂತ್ರ ಹಿಡಿಯುವವನನ್ನು ಕರೆದುಕೊಂಡು ಹೋಗಿ ತೋರಿಸಿ, ಬರೀ ಹೇಳಿದರೆ ಸಾಲದು. ಹತ್ತಲು ಒಂದು ಕವಲುಕಡ್ಡಿ ಊರಿ. ಈ ಸೆಪ್ಟೆಂಬರಿಗೆ ಹೂ ಬರಲಿಕ್ಕಿಲ್ಲ, ಕೋವಿಗೆ ಇನ್ನೊಂದು ವರ್ಷ ಚೆಂಡುಹೂವೇ ಇರಲಿ.